ಅಸ್ತ್ರ ಒಲೆ ಹೊಗೆ ಉಗುಳತೊಡಗಿದಾಗ

ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಗ್ಯಾಸ್ ಇದೆ. ಆದರೂ ಬೆಳಗಿನ ಅಡುಗೆ ಇವತ್ತಿಗೂ ಅಸ್ತ್ರ ಒಲೆಯಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡ ರೂಪಿಸಿದ ಒಲೆ ಇದು. ಸಾಲಾಗಿ ಮೂರು ಪಾತ್ರೆ ಕೂರುತ್ತವೆ. ಬೆಂಕಿ ಇರುವುದು ಮೊದಲನೆಯದರ ಕೆಳಗೆ ಮಾತ್ರ. ಬಿಸಿ ಹೊಗೆ ಉಳಿದೆರಡನ್ನೂ ಕಾಯಿಸಿ ಪೈಪು ಹತ್ತಿ ಮಾಡಿನ ಮೇಲೆ ಹೋಗುತ್ತದೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಆ ಹೊಗೆ ಒಲೆಬಾಯಿಗೇ ವಾಪಸ್ ಬರತೊಡಗಿತು. "ಒಲೆ ಉಗುಳ್ತಾ ಇದೆ ನೋಡೋ" ಅಂದರು ಅಮ್ಮ. ಕಣ್ಣುರಿ ಅಂದಿದ್ದರೆ ನಾಳೆ ನೋಡೋಣ ಅನ್ನುತ್ತಿದ್ದೆನೋ ಏನೋ, ಅವರು ತಲೆನೋವು ಅಂದಾಗ ಹೆದರಿದೆ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಮೈಸೇರಿದರೆ ತಲೆನೋವು ಬರುತ್ತದೆ. ಕಿಟಕಿ ಬಾಗಿಲು ತೆರೆದು ಆವತ್ತೇ ಒಲೆ ಆರಿಸಿದೆವು.

ಮಾರನೆಯ ದಿನ, ಒಲೆ ಪೂರ್ತಿ ತಣ್ಣಗಾದ ಮೇಲೆ, ಕೆಲಸ ಶುರು ಮಾಡಿದೆ. ಮೂರೂ ಬಾಯಿಗೆ ತಟ್ಟೆ ಮುಚ್ಚಿ ಸುತ್ತ ಒದ್ದೆ ಬಟ್ಟೆ ಒತ್ತಿದೆ. ಸೌದೆ ಹಾಕುವ ಬಾಯಿಗೆ ಒದ್ದೆ ಗೋಣಿ. ಇಷ್ಟು ಮಾಡದಿದ್ದರೆ ಮಸಿ ಅಡುಗೆಮನೆಯನ್ನೆಲ್ಲ ತುಂಬುತ್ತದೆ, ಪಾತ್ರೆಗಳನ್ನು ಮೊದಲೇ ಹೊರಗೆ ಸಾಗಿಸುವುದೂ ಒಳ್ಳೆಯದು. ನಾನು ಮೂಗಿಗೆ ಮಾಸ್ಕ್ ಹಾಕಿಕೊಂಡೆ.

ಮಳೆ ಮುಗಿದ ಹೊಸತರಲ್ಲಿ ಹೆಂಚಿನ ಮೇಲೆ ಪಾಚಿ ಇರುತ್ತದೆ, ಅಲ್ವಾ? ನಾಲ್ಕು ದಿನ ಬಿಸಿಲು ಬಿದ್ದಿದ್ದರೂ ಹೆಂಚಿನ ಮೇಲೆ ಕಾಲಿಡಲಿಲ್ಲ. ಏಣಿಯನ್ನು ಗೋಡೆಗೆ ಭದ್ರವಾಗಿ ಕಟ್ಟಿ, ತಮ್ಮನಿಗೆ ಕೆಳಗೆ ಹಿಡಿಯಲು ಹೇಳಿ, ಅದರ ಮೇಲೆ ನಿಂತೇ ಪೈಪಿನ ಟೋಪಿ ತೆಗೆದೆ.

ತಂತಿ ಬ್ರಷ್ ಬಳಸಲಿಲ್ಲ. ನಮ್ಮದು ಹಳೆಯ ಆಸ್ಬೆಸ್ಟಾಸ್ ಪೈಪು. ಅದನ್ನು ಒಣಗಿದ್ದಂತೆಯೇ ಉಜ್ಜಿದರೆ ಅದರ ನಾರು ಗಾಳಿಗೆ ಎದ್ದು ಶ್ವಾಸಕೋಶ ಸೇರಬಹುದು, ಕ್ಯಾನ್ಸರ್ ತರುವಂಥ ನಾರು ಅದು. ಅದಕ್ಕೇ ತೆಂಗಿನ ನಾರನ್ನು ಪೈಪಿನಗಲದ ಉಂಡೆ ಮಾಡಿ, ನೀರಲ್ಲಿ ಅದ್ದಿ ಹಿಂಡಿ, ಹಗ್ಗದ ನಡುವೆ ಕಟ್ಟಿದೆ. ಹಗ್ಗದ ತುದಿಗೆ ಬಟ್ಟೆ ಸುತ್ತಿದ ಕಲ್ಲು. ನಿಧಾನವಾಗಿ ಇಳಿಸುವುದು, ಎಳೆಯುವುದು. ಪುಡಿಮಸಿ ಸುಲಭವಾಗಿ ಉದುರಿತು. ಮೇಲಿನ ಎರಡು ಅಡಿಯಲ್ಲಿ ಮಾತ್ರ ಟಾರಿನ ಹಾಗೆ ಹೊಳೆಯುವ ಕಪ್ಪು ಪದರ ಅಂಟಿತ್ತು. ಹಸಿ ಸೌದೆಯ ಹೊಗೆ ಮೇಲೇರುತ್ತಾ ತಣ್ಣಗಾಗಿ ಅಲ್ಲಿ ಹೀಗೆ ಕೂರುತ್ತದೆ. ಪೈಪಿನೊಳಗೇ ಬೆಂಕಿ ಹತ್ತಿಕೊಳ್ಳುವುದು ಇದಕ್ಕೇ. ಅದರ ಮೇಲೆ ನೀರು ಚಿಮುಕಿಸಿ, ಬಿದಿರಿನ ದಬ್ಬೆಯಿಂದ ಮೆಲ್ಲಗೆ ಎಬ್ಬಿಸಿದೆ. ಬಂದಷ್ಟು ಬಂತು. ಉಳಿದದ್ದನ್ನು ಹಟದಿಂದ ಕೆರೆಯಲಿಲ್ಲ.

ಇಳಿದು ಬಂದು ಒಲೆ ಹೊತ್ತಿಸಿದರೆ ಹೊಗೆ ಮೊದಲಿಗಿಂತ ಜಾಸ್ತಿ!

ತಪ್ಪು ಎಲ್ಲಿ ಅಂತ ತಿಳಿಯಲು ಸಂಜೆಯಾಯಿತು. ಮೇಲಿಂದ ಬಿದ್ದ ಮಸಿಯೆಲ್ಲ ಮೂರನೇ ಬಾಯಿಯ ಹಿಂದೆ, ಪೈಪು ಒಲೆಗೆ ಸೇರುವ ತಿರುವಿನಲ್ಲಿ ಕೂತಿತ್ತು. ಹೊಸದು ಮಾತ್ರ ಅಲ್ಲ. ನಾನು ವರ್ಷವರ್ಷ ಮೇಲಿಂದ ಮಾತ್ರ ಗುಡಿಸುತ್ತಿದ್ದೆನಲ್ಲ, ಆ ಮಸಿಯೂ ಬೂದಿಯ ಜೊತೆ ಸೇರಿ ಗಟ್ಟಿಯಾಗಿತ್ತು. ಹೊಗೆ ಹೋಗಲು ಎರಡು ಬೆರಳಿನಷ್ಟು ಸಂದಿಯೂ ಉಳಿದಿರಲಿಲ್ಲ. ಒಲೆ ಮತ್ತೆ ತಣಿಯಲು ಬಿಟ್ಟು, ಮರುದಿನ ಹಳೆಯ ಸೌಟಿನ ಹಿಡಿ ಬಗ್ಗಿಸಿ ಮೂರನೇ ಬಾಯಿಯಿಂದ ತೋಡಿದೆ. ಅರ್ಧ ಬಕೆಟ್ ಬಂತು. ಒಲೆ ಮಣ್ಣಿನದು, ಹಾಗಾಗಿ ಒಳಗೆ ನೀರು ಹುಯ್ಯಲಿಲ್ಲ. ಅಲ್ಲಲ್ಲಿ ಬಿರುಕು ಕಂಡಿತು. ಅದನ್ನು ಮಣ್ಣು ಸಗಣಿ ಕಲಸಿ ಮುಚ್ಚಿದೆ. ಬಿರುಕಿನಿಂದ ತಣ್ಣನೆ ಗಾಳಿ ನುಗ್ಗಿದರೂ ಪೈಪಿನ ಎಳೆತ ಕಡಿಮೆಯಾಗುತ್ತದೆ.

ಬಿರುಕಿನ ಮಣ್ಣು ಒಣಗಿದ ಮೇಲೆ ಪರೀಕ್ಷೆ. ಬಾಯಿಗಳಿಗೆ ಪಾತ್ರೆ ಇಟ್ಟು, ಒಲೆಬಾಯಲ್ಲಿ ಕಾಗದ ಹೊತ್ತಿಸಿ ಹಿಡಿದೆ. ಉರಿ ಒಳಗೆ ಬಾಗಿತು. ಅಮ್ಮ ಕೂಡಲೇ ಅನ್ನಕ್ಕಿಟ್ಟರು.

ಮಸಿಯನ್ನು ದೂರದಲ್ಲಿ ಗುಂಡಿ ತೋಡಿ ಮುಚ್ಚಿದೆ. ಈ ವರ್ಷ ಶಿವರಾತ್ರಿಗೆ ಮೊದಲೇ ಸೌದೆ ಸೀಳಿ, ಬೇಸಿಗೆಯೆಲ್ಲ ಬಿಸಿಲಿಗೆ ಹಾಕಿ, ಮಳೆ ಹಿಡಿಯುವ ಮುಂಚೆ ಕೊಟ್ಟಿಗೆಯ ಅಟ್ಟಕ್ಕೇರಿಸಿದೆ. ಮೂರನೇ ಬಾಯಿಯ ಹಿಂದೆ ತಿಂಗಳಿಗೊಮ್ಮೆ ಸೌಟು ಹಾಕಿ ನೋಡುತ್ತೇನೆ. ಮೊನ್ನೆ ಸಿಕ್ಕಿದ್ದು ಒಂದು ಹಿಡಿ ಪುಡಿ ಅಷ್ಟೇ.