ಪಾರ್ಕಿಂಗ್ ಡೆಕ್ ಸ್ಲ್ಯಾಬ್: ವಿಜಯಪುರದ ಬಿಸಿಲು, ಗಾಳಿ, ಎರೆ ಮಣ್ಣಿನಲ್ಲಿ ಹಾಕುವ ಕ್ರಮ

ಪಾರ್ಕಿಂಗ್ ಕಟ್ಟಡದ ಸ್ಲ್ಯಾಬ್, ಅಂದರೆ ಡೆಕ್, ಕಾರಿನ ಭಾರಕ್ಕೆ ಕುಸಿಯುವುದು ಅಪರೂಪ. ಅದನ್ನು ಹಾಳು ಮಾಡುವುದು ನೀರು. ಮಳೆ ನೀರು, ಗಾಡಿ ತೊಳೆದ ನೀರು ತಗ್ಗಿನಲ್ಲಿ ನಿಲ್ಲುತ್ತದೆ, ಕೂದಲೆಳೆಯ ಬಿರುಕಿನಲ್ಲಿ ಇಳಿಯುತ್ತದೆ, ಒಳಗಿನ ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ಅದಕ್ಕೂ ಮೊದಲೇ ಸುಣ್ಣ ಕರಗಿದ ಬಿಳಿ ನೀರು ಕೆಳಗಿನ ಕಾರಿನ ಮೇಲೆ ತೊಟ್ಟಿಕ್ಕಿ ಪೇಂಟ್ ಕೆಡಿಸುತ್ತದೆ, ಗಿರಾಕಿಗಳ ಜಗಳ ಶುರುವಾಗುತ್ತದೆ. ಹಾಗಾಗಿ ಇಲ್ಲಿ ಇಳಿಜಾರು, ರಾಡಿನ ಮಟ್ಟ ಮತ್ತು ಮೊದಲ 24 ಗಂಟೆಯ ಆರೈಕೆಗೆ ಹೆಚ್ಚು ಜಾಗ ಕೊಟ್ಟಿದೆ. ಉಳಿದದ್ದು ಯಾವ ಆರ್‌ಸಿಸಿ (ಕಬ್ಬಿಣ ಕಟ್ಟಿ ಹಾಕುವ ಕಾಂಕ್ರೀಟ್) ಕೆಲಸಕ್ಕೂ ಒಂದೇ.

ಬುನಾದಿ

ವಿಜಯಪುರದ ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಫುಟಿಂಗ್ (ಕಂಬದ ಪಾದ) ಅದನ್ನು ದಾಟಿ ಗಟ್ಟಿ ಮುರುಮು ಅಥವಾ ಬಂಡೆಗೆ ಕೂಡಬೇಕು. ಎಷ್ಟು ಆಳ ಎಂಬುದನ್ನು ಆ ಜಾಗದ ಮಣ್ಣಿನ ಪರೀಕ್ಷೆಯೇ ಹೇಳಬೇಕು, ಪಕ್ಕದ ಪ್ಲಾಟಿನವರ ಮಾತಲ್ಲ. ಅಗೆದು ತೆಗೆದ ಎರೆ ಮಣ್ಣನ್ನೇ ಬೇಸ್‌ಮೆಂಟ್ ಗೋಡೆಯ ಹಿಂದೆ ತುಂಬುವುದು ಎಲ್ಲೆಡೆ ಕಾಣುವ ತಪ್ಪು. ಮೊದಲ ಮಳೆಗೇ ಅದು ಉಬ್ಬಿ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಅಲ್ಲಿ ಮುರುಮು ಹಾಕಿ ಪದರ ಪದರವಾಗಿ ದಮ್ಮಸ್ಸು ಮಾಡಿ, ಗೋಡೆಗೆ ಹೊಂದಿದಂತೆ ಖಡಿಯ (ಜಲ್ಲಿಯ) ಪದರ ಮತ್ತು ತೂತಿನ ಪೈಪ್ ಇಟ್ಟು ನೀರಿಗೆ ದಾರಿ ಕೊಡಿ. ಬೆಳಗಾವಿಯ ಕೆಂಪು ಮಣ್ಣಿನಲ್ಲಿ ಈ ಉಬ್ಬುವ ಕಾಟ ಕಡಿಮೆ. ಅಲ್ಲಿ ಮಳೆಯದೇ ಚಿಂತೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿ ಬತ್ತಿಸುವ ಪಂಪು ಸದಾ ಸಿದ್ಧವಿರಬೇಕು.

ಅಳತೆ ಮತ್ತು ಇಳಿಜಾರು

ಒಂದು ಕಾರಿಗೆ 2.5 × 5 ಮೀಟರ್ ಜಾಗ ಹಿಡಿದರೆ ಎರಡು ಕಂಬಗಳ ನಡುವೆ ಮೂರು ಕಾರಿಗೆ 7.5 ಮೀಟರ್. ಕಂಬ 600 ಮಿ.ಮೀ. ಆದರೆ ನಡುವಿನಿಂದ ನಡುವಿಗೆ 8.1 ಮೀಟರ್. ಇದರಲ್ಲಿ 100 ಮಿ.ಮೀ. ಕದ್ದರೂ ಮೂರನೇ ಕಾರಿನ ಬಾಗಿಲು ತೆಗೆಯಲು ಬರುವುದಿಲ್ಲ. ಕಂಬಕ್ಕೆ ಗಿಲಾವು ಮಾಡುವುದಿದ್ದರೆ ಅದರ ದಪ್ಪವನ್ನೂ ಈಗಲೇ ಸೇರಿಸಿ.

ತೆರೆದ ಡೆಕ್‌ಗೆ ಕನಿಷ್ಠ 60ಕ್ಕೆ 1 ಇಳಿಜಾರು ಬೇಕು, 50ಕ್ಕೆ 1 ಸಿಕ್ಕರೆ ಇನ್ನೂ ಒಳ್ಳೆಯದು. ಈ ಇಳಿಜಾರನ್ನು ಹಲಗೆಯ ಅಚ್ಚಿನಲ್ಲೇ, ಅಂದರೆ ಸೆಂಟ್ರಿಂಗ್‌ನಲ್ಲೇ ಕೊಡಬೇಕು. ‘ಸ್ಲ್ಯಾಬ್ ಸಪಾಟ ಹಾಕೋಣ, ಆಮೇಲೆ ಮೇಲೆ ಕೋಬಾ (ಗಾರೆಯ ಪದರ) ಮಾಡಿ ಇಳಿಜಾರು ಕೊಡೋಣ’ ಎನ್ನುವವರಿಗೆ ಈ ಲೆಕ್ಕ ತೋರಿಸಿ: 7.5 ಮೀಟರ್ ದೂರಕ್ಕೆ 60ಕ್ಕೆ 1 ಎಂದರೆ 125 ಮಿ.ಮೀ. ಎತ್ತರದ ವ್ಯತ್ಯಾಸ. ದಪ್ಪ ಇರುವ ಕಡೆ ಕೋಬಾದ ತೂಕವೇ ಚದರ ಮೀಟರಿಗೆ ಸುಮಾರು 3 ಕಿಲೋನ್ಯೂಟನ್ (ಸುಮಾರು 300 ಕೆಜಿ). 2.5 ಟನ್ ಒಳಗಿನ ಕಾರುಗಳ ಡೆಕ್‌ಗೆ ವಿನ್ಯಾಸದಲ್ಲಿ ಹಿಡಿಯುವ ಭಾರ ಚದರ ಮೀಟರಿಗೆ 2.5 ಕಿಲೋನ್ಯೂಟನ್. ಕಾರುಗಳಿಗಿಂತ ಕೋಬಾವೇ ಭಾರವಾಯಿತು! ಮೇಲಾಗಿ ಕೋಬಾ ಮತ್ತು ಸ್ಲ್ಯಾಬಿನ ನಡುವೆ ನೀರು ಸಿಕ್ಕಿಬಿದ್ದರೆ ಎಲ್ಲಿ ಸೋರುತ್ತಿದೆ ಎಂದು ಯಾರಿಗೂ ಹುಡುಕಲು ಆಗುವುದಿಲ್ಲ.

ನೀರು ಇಳಿಯುವ ಡ್ರೇನ್ ಬಾಯಿ ತಗ್ಗಿನಲ್ಲಿರಲಿ, ಜಾಯಿಂಟ್ ದಿಬ್ಬದ ಮೇಲಿರಲಿ. ಸಾಮಾನ್ಯವಾಗಿ 45 ಮೀಟರ್‌ಗಿಂತ ಉದ್ದದ ಕಟ್ಟಡಕ್ಕೆ ಎಕ್ಸ್‌ಪಾನ್ಷನ್ ಜಾಯಿಂಟ್ (ಬಿಸಿಲಿಗೆ ಹಿಗ್ಗಲು ಬಿಡುವ ಸಂದು) ಬೇಕಾಗುತ್ತದೆ. ಅದು ನೀರು ಹರಿಯುವ ದಾರಿಗೆ ಅಡ್ಡ ಬಂದರೆ ಯಾವ ಸೀಲಂಟೂ ಬಹಳ ವರ್ಷ ತಡೆಯದು. ಡ್ರೇನ್ ಬಾಯಿಯ ಮಟ್ಟವನ್ನು ಸುತ್ತಲಿನ ಸ್ಲ್ಯಾಬಿಗಿಂತ 10 ಮಿ.ಮೀ. ಕೆಳಗೆ ಕೂಡಿಸಿ. ಕಾಂಕ್ರೀಟ್ ಬೀಳುವಾಗ ಅದು ಮೇಲೇಳದಂತೆ ರಾಡಿಗೆ ಬಿಗಿದು ಕಟ್ಟಿ, ಬಾಯಿ ಮುಚ್ಚಿ.

ರ‍್ಯಾಂಪ್

8ಕ್ಕೆ 1 ರ‍್ಯಾಂಪ್ ಹಿಡಿದರೆ 3 ಮೀಟರ್ ಎತ್ತರಕ್ಕೆ 24 ಮೀಟರ್ ಸಾಕು ಎನಿಸುತ್ತದೆ. ಸಾಲದು. ಮೇಲಿನ ತುದಿಗೆ, ಕೆಳಗಿನ ತುದಿಗೆ ತಲಾ 3 ಮೀಟರ್ ಅರ್ಧ ಇಳಿಜಾರು, ಅಂದರೆ 16ಕ್ಕೆ 1, ಕೊಡದಿದ್ದರೆ ಕಾರಿನ ಹೊಟ್ಟೆ ಮೇಲಿನ ಅಂಚಿಗೆ, ಬಂಪರ್ ಕೆಳಗಿನ ನೆಲಕ್ಕೆ ಉಜ್ಜುತ್ತದೆ. ಆ ಎರಡು ತುಂಡುಗಳಲ್ಲಿ ಏರುವುದು 375 ಮಿ.ಮೀ. ಮಾತ್ರ. ಉಳಿದ 2.625 ಮೀಟರ್ ಏರಲು 21 ಮೀಟರ್ ಬೇಕು. ಒಟ್ಟು 27 ಮೀಟರ್. ಪ್ಲಾಟಿನ ಉದ್ದ ಅಷ್ಟಿಲ್ಲದಿದ್ದರೆ ನಕ್ಷೆಯಲ್ಲೇ ತಿರುವು ಹಾಕಬೇಕು, ಸೈಟಿನಲ್ಲಿ ರ‍್ಯಾಂಪ್ ಕಡಿದು ಮಾಡಬಾರದು.

ಕಾಂಕ್ರೀಟನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತ ಹೋಗಿ. ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ತೆಳು ಎಂಬ ಅಳತೆ) 75 ಮಿ.ಮೀ. ಆಸುಪಾಸಿನಲ್ಲಿರಲಿ. ಡೆಕ್‌ಗೆ ತರಿಸಿದ 120ರ ಮಾಲನ್ನೇ ರ‍್ಯಾಂಪಿಗೂ ಸುರಿದರೆ ವೈಬ್ರೇಟರ್ ಹಚ್ಚಿದ ಕೂಡಲೇ ಜಾರಿ ಕೆಳಗೆ ಗುಡ್ಡೆಯಾಗುತ್ತದೆ, ಮೇಲ್ತುದಿ ತೆಳ್ಳಗಾಗುತ್ತದೆ. ಮೇಲ್ಮೈ ನುಣುಪು ಮಾಡಬೇಡಿ. ಗಟ್ಟಿ ಪೊರಕೆಯಿಂದ ಅಡ್ಡಡ್ಡ ಗೆರೆ ಎಳೆಯಿರಿ. ಕೆಳತುದಿಯಲ್ಲಿ ಪೂರ್ತಿ ಅಗಲಕ್ಕೆ ಜಾಲರಿ ಮುಚ್ಚಳದ ಚರಂಡಿ ಬೇಕು. ಮೇಲ್ತುದಿಯಲ್ಲೂ ಒಂದಿದ್ದರೆ ರಸ್ತೆಯ ನೀರು ಒಳಗೆ ನುಗ್ಗುವುದಿಲ್ಲ.

ಕಬ್ಬಿಣ

ಮಳೆ, ಬಿಸಿಲಿಗೆ ಸರದಿಯಂತೆ ನೆನೆದು ಒಣಗುವ ತೆರೆದ ಡೆಕ್ ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನದಂಡ) ಪ್ರಕಾರ ‘ತೀವ್ರ’ ವರ್ಗಕ್ಕೆ ಸೇರುತ್ತದೆ: ಎಂ30 ದರ್ಜೆಯ ಕಾಂಕ್ರೀಟ್, ನೀರು-ಸಿಮೆಂಟ್ ಅನುಪಾತ ಹೆಚ್ಚೆಂದರೆ 0.45, ಕವರ್ (ರಾಡಿನ ಹೊರಗಿನ ಕಾಂಕ್ರೀಟ್ ಪದರ) 45 ಮಿ.ಮೀ. ಮನೆಯ ಸ್ಲ್ಯಾಬಿಗೆ ತಂದ 20ರ ಕವರ್ ಬ್ಲಾಕ್ ಇಲ್ಲಿ ನಡೆಯುವುದಿಲ್ಲ. ಖಡಿ ಚೂರು, ಟೈಲ್ಸ್ ತುಂಡು ಅಂತೂ ಬೇಡವೇ ಬೇಡ. ಕಾಂಕ್ರೀಟಿನಷ್ಟೇ ಬಲದ ಬ್ಲಾಕ್ ತರಿಸಿ.

ನಿಜವಾದ ತೊಂದರೆ ಇರುವುದು ಮೇಲಿನ ರಾಡಿನಲ್ಲಿ. ಬೀಮ್‌ಗಳ ಮೇಲೆ ಹಾಯುವ ಈ ರಾಡುಗಳನ್ನು ಕೂಲಿಯವರು, ಪಂಪಿನ ಪೈಪು ಎಳೆಯುವವರು ತುಳಿಯುತ್ತಲೇ ಇರುತ್ತಾರೆ. 200 ಮಿ.ಮೀ. ಸ್ಲ್ಯಾಬು, 45 ಕವರ್, 10 ಮಿ.ಮೀ. ರಾಡು ಎಂದರೆ ಕೆಳಮುಖದಿಂದ ರಾಡಿನ ನಡುವಿಗೆ 150 ಮಿ.ಮೀ. ಅದು 30 ಮಿ.ಮೀ. ಕುಸಿದರೆ 120. ಅಲ್ಲಿಗೆ ಐದರಲ್ಲಿ ಒಂದು ಪಾಲು ಬಲ ಹೋಯಿತು, ಮತ್ತು ಬೀಮಿನ ನೆತ್ತಿಯ ಮೇಲೇ, ನೀರು ಬೀಳುವ ಮುಖದಲ್ಲೇ, ಉದ್ದಕ್ಕೆ ಬಿರುಕು ಬಿಡುತ್ತದೆ. ಮೀಟರಿಗೊಂದರಂತೆ ಚೇರ್ (ಮೇಲಿನ ರಾಡನ್ನು ಎತ್ತಿ ಹಿಡಿಯುವ ಕಬ್ಬಿಣದ ಕಾಲು) ಕೊಡಿ, ಓಡಾಡಲು ಹಲಗೆ ಹಾಸಿ. ಕಾಂಕ್ರೀಟ್ ಮುಂದೆ ಸಾಗುವಾಗ ಒಬ್ಬ ಫಿಟ್ಟರ್ ಬಾಗಿದ ರಾಡನ್ನು ಎತ್ತಿ ಕೂಡಿಸಲೆಂದೇ ನಿಂತಿರಲಿ. ಅವನನ್ನು ಬೇರೆ ಕೆಲಸಕ್ಕೆ ಕರೆಯಬೇಡಿ.

ಮಾಲು

ಈ ಭಾಗದ ಕರಿಕಲ್ಲಿನ ಖಡಿ ಗಟ್ಟಿಯಾದದ್ದೇ. ಆದರೆ ಕ್ವಾರಿಯ ಕೆಲವು ಪದರಗಳಲ್ಲಿ ಸಣ್ಣ ಸಣ್ಣ ತೂತಿನ ಕಲ್ಲು ಬರುತ್ತದೆ, ಅದು ನೀರು ಹೀರುತ್ತದೆ. ಒಂದು ಬುಟ್ಟಿ ಖಡಿ ಸುರಿದು ಕಣ್ಣಿನಲ್ಲೇ ನೋಡಿ, ತೂತಿನದು ಹೆಚ್ಚಿದ್ದರೆ ಗಾಡಿ ವಾಪಸ್ ಕಳಿಸಿ. ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಹೆಸರಿನಲ್ಲಿ ಕ್ರಷರ್ ಧೂಳು ಬರುವುದೂ ಉಂಟು. 75 ಮೈಕ್ರಾನ್‌ಗಿಂತ ಸಣ್ಣ ಪುಡಿ 15 ಶೇಕಡಾ ಮೀರಬಾರದು.

ನೀರನ್ನು ಲ್ಯಾಬಿಗೆ ಕಳಿಸುವುದು ಇಲ್ಲಿ ತಪ್ಪಿಸಲಾಗದ ಕೆಲಸ. ಜಿಲ್ಲೆಯ ಹಲವೆಡೆ ಬೋರ್ ನೀರು ಉಪ್ಪು, ಡೋಣಿ ನದಿ ಸಾಲಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ಪಿಎಚ್ 6ಕ್ಕಿಂತ ಇಳಿಯಬಾರದು. ಕ್ಯೂರಿಂಗ್ (ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವ) ನೀರಿಗೂ ಇದೇ ಎಚ್ಚರಿಕೆ ಇರಲಿ. ಉಪ್ಪು ನೀರನ್ನು ಎರಡು ವಾರ ಸುರಿದರೆ ಕವರ್‌ಗೆ ನಾವೇ ಕ್ಲೋರೈಡ್ ತುಂಬಿದಂತೆ.

ಕಾಂಕ್ರೀಟ್ ಹಾಕುವ ದಿನ

20 × 15 ಮೀಟರ್‌ನ ಒಂದು ಭಾಗ, 200 ಮಿ.ಮೀ. ದಪ್ಪ ಎಂದರೆ ಸ್ಲ್ಯಾಬಿಗೆ 60 ಘನ ಮೀಟರ್. ಬೀಮ್‌ಗಳಿಗೆ 15 ಹಿಡಿದರೆ 75. ಆರು ಘನ ಮೀಟರ್‌ನ ಮಿಕ್ಸರ್ ಗಾಡಿ 13 ಬಾರಿ ಬರಬೇಕು. ಪಂಪು ಗಂಟೆಗೆ 20 ಹಾಕಿದರೂ ನಾಲ್ಕು ಗಂಟೆ, 18 ನಿಮಿಷಕ್ಕೊಂದು ಗಾಡಿ. ಪ್ಲಾಂಟಿನವರು ಇದಕ್ಕೆ ಒಪ್ಪದಿದ್ದರೆ ಭಾಗವನ್ನೇ ಚಿಕ್ಕದು ಮಾಡಿ. ಚಲನ್ ಮೇಲಿನ ಲೋಡ್ ಆದ ಸಮಯ ನೋಡಿ, ಎರಡು ಗಂಟೆಯೊಳಗೆ ಗಾಡಿ ಖಾಲಿಯಾಗಬೇಕು. ಹೆಚ್ಚು ಹೊತ್ತು ಬೇಕಿದ್ದರೆ ರಿಟಾರ್ಡರ್ (ಗಟ್ಟಿಯಾಗುವುದನ್ನು ತಡ ಮಾಡುವ ರಾಸಾಯನಿಕ) ಹಾಕುವುದು ಮೊದಲೇ ಮಿಕ್ಸ್ ವಿನ್ಯಾಸದಲ್ಲಿ ತೀರ್ಮಾನವಾಗಿರಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಐದರ ನಂತರ ಶುರು ಮಾಡಿ. ನಸುಕಿನಲ್ಲಿ ಹಾಕುವ ರೂಢಿ ಇದೆ, ಕೂಲಿಯವರಿಗೂ ಅದೇ ಇಷ್ಟ. ಆದರೆ ನಾಲ್ಕಕ್ಕೆ ಶುರುವಾದದ್ದು ಎಂಟು ಒಂಬತ್ತಕ್ಕೆ ಮುಗಿಯುತ್ತದೆ, ಇನ್ನೂ ಹಸಿಯಾಗಿರುವ ಕಾಂಕ್ರೀಟಿನ ಮೇಲೆ ಏರುಬಿಸಿಲು, ಒಣ ಗಾಳಿ ಬಡಿಯುತ್ತದೆ. ಸಂಜೆ ಹಾಕಿದ್ದು ರಾತ್ರಿಯೆಲ್ಲ ಗಟ್ಟಿಯಾಗಿ, ಬಿಸಿಲು ಏರುವ ಹೊತ್ತಿಗೆ ಗೋಣಿತಟ್ಟಿನ ಕೆಳಗಿರುತ್ತದೆ. ಬೇಕಾಗುವುದು ಒಳ್ಳೆಯ ಲೈಟು, ಜನರೇಟರ್, ಹೆಚ್ಚುವರಿಯಾಗಿ ಒಂದು ವೈಬ್ರೇಟರ್.

ಮಾಲು ಗಟ್ಟಿಯಾಗಿದೆ ಎಂದು ಗಾಡಿಗೆ ನೀರಿನ ಪೈಪು ಬಿಡುವುದನ್ನು ಯಾರು ಕೇಳಿದರೂ ಒಪ್ಪಬೇಡಿ. ಘನ ಮೀಟರಿಗೆ 360 ಕೆಜಿ ಸಿಮೆಂಟು, 0.45 ಎಂದರೆ 162 ಲೀಟರ್ ನೀರು. ಆರು ಘನ ಮೀಟರ್ ಗಾಡಿಗೆ 120 ಲೀಟರ್ ಬಿಟ್ಟರೆ ಘನ ಮೀಟರಿಗೆ 20 ಹೆಚ್ಚಾಗಿ ಅನುಪಾತ 0.50 ದಾಟುತ್ತದೆ. ದುಡ್ಡು ಕೊಟ್ಟದ್ದು ಎಂ30ಕ್ಕೆ, ಸಿಕ್ಕಿದ್ದು ಬೇರೆ. ಸ್ಲಂಪ್ ಬಿದ್ದಿದ್ದರೆ ಪ್ಲಾಂಟಿನ ತಂತ್ರಜ್ಞನೇ ಅಳತೆಯಿಂದ ಅಡ್ಮಿಕ್ಸ್ಚರ್ (ಕಾಂಕ್ರೀಟ್ ಸಡಿಲ ಮಾಡುವ ರಾಸಾಯನಿಕ) ಹಾಕಿ ತಿರುಗಿಸಲಿ.

ವೈಬ್ರೇಟರ್ ನೀಡಲ್ ಸ್ಲ್ಯಾಬಿಗೆ 40 ಮಿ.ಮೀ., ಆಳದ ಬೀಮಿಗೆ 60. ಅಡಿಗೊಂದು ಕಡೆ ನೇರವಾಗಿ ಇಳಿಸಿ, ಗುಳ್ಳೆ ನಿಂತ ಕೂಡಲೇ ನಿಧಾನವಾಗಿ ಎಳೆಯಿರಿ. ನೀಡಲ್‌ನಿಂದ ಕಾಂಕ್ರೀಟನ್ನು ಮುಂದೆ ದೂಡಿದರೆ ಖಡಿ ಹಿಂದೆ ಉಳಿದು ಬರೀ ಸಿಮೆಂಟ್ ಹಾಲು ಮುಂದೆ ಹೋಗುತ್ತದೆ. ಮಧ್ಯೆ ನಿಲ್ಲಿಸಲೇಬೇಕಾದರೆ ಸ್ಪ್ಯಾನಿನ ನಡುವಿನ ಮೂರನೇ ಒಂದು ಭಾಗದಲ್ಲಿ ನೇರ ಹಲಗೆ ಕೊಟ್ಟು ನಿಲ್ಲಿಸಿ. 75 ಘನ ಮೀಟರಿಗೆ ಐದು ಸ್ಯಾಂಪಲ್, ಒಂದಕ್ಕೆ ಮೂರರಂತೆ 15 ಪರೀಕ್ಷಾ ಕ್ಯೂಬ್ ಲೆಕ್ಕ. 7 ದಿನದ ಪರೀಕ್ಷೆ ಬೇಕಿದ್ದರೆ ಅದಕ್ಕೆ ಬೇರೆ ತುಂಬಿ.

ಮೊದಲ ರಾತ್ರಿ, ಆಮೇಲಿನ ಎರಡು ವಾರ

ಗೌಂಡಿ ಪಟ್ಟಿ ಎಳೆದು ಮುಂದೆ ಹೋದ ಸ್ವಲ್ಪ ಹೊತ್ತಿಗೇ ಮೇಲ್ಮೈಯ ಹೊಳಪು ಹೋಗಿ ಮಂಕಾಗುತ್ತದೆ. ಆ ಕ್ಷಣವನ್ನು ಕಾಯುತ್ತಿರಬೇಕು. ಕಾಂಕ್ರೀಟಿನಿಂದ ಮೇಲೇರುವ ನೀರಿಗಿಂತ ಗಾಳಿ ಒಯ್ಯುವ ನೀರು ಹೆಚ್ಚಾಯಿತು ಎಂದರ್ಥ. ಬಿಟ್ಟರೆ ಒಂದೆರಡು ಅಡಿ ಉದ್ದದ, ಒಂದಕ್ಕೊಂದು ಸಮಾನಾಂತರವಾಗಿ ಓರೆಯಾಗಿ ಸಾಗುವ ಬಿರುಕುಗಳು ಮೂಡುತ್ತವೆ. ಆಗಲೇ ಮಂಜಿನಂತೆ ನೀರು ಸಿಂಪಡಿಸಿ ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸಿ. ಬಿರುಕು ಮೂಡಿದ್ದರೂ ಹೆಬ್ಬೆರಳು ಒತ್ತಿದರೆ ಗುರುತು ಬೀಳುವಷ್ಟು ಹಸಿ ಇದ್ದಾಗ ಮರದ ಉಜ್ಜುಮಣೆಯಿಂದ ಗಟ್ಟಿಯಾಗಿ ಉಜ್ಜಿದರೆ ಕೂಡುತ್ತದೆ. ಮೇಲೆ ಒಣ ಸಿಮೆಂಟ್ ಉದುರಿಸಿ ಮುಚ್ಚಿದ ಬಿರುಕು ಒಳಗೆ ಹಾಗೇ ಇರುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಮನೆಯ ತಾರಸಿಯಂತೆ ಬದು ಕಟ್ಟಿ ನೀರು ನಿಲ್ಲಿಸುವುದು ಇಳಿಜಾರಿನ ಡೆಕ್‌ನಲ್ಲಿ ಆಗದು. ತಗ್ಗಿನಲ್ಲಿ ಕೆರೆ, ದಿಬ್ಬದಲ್ಲಿ ಬರಗಾಲ! ಎರಡು ಪದರ ಗೋಣಿತಟ್ಟು ಹಾಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ, ದಿಬ್ಬದ ಸಾಲಿಗೆ ತೂತಿನ ಪೈಪು ಇಟ್ಟು ನೀರು ಇಳಿಬಿಡಿ. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ 10 ದಿನ ಕನಿಷ್ಠ, 14 ದಿನ ಮಾಡಿ. ದಿನಕ್ಕೆ ಎರಡು ಸಲ ಪೈಪು ಹೊಡೆದು ನಡುವೆ ಒಣಗಲು ಬಿಡುವುದು ಕ್ಯೂರಿಂಗ್ ಅಲ್ಲ.

ಸೆಂಟ್ರಿಂಗ್ ಬಿಚ್ಚುವುದು: 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಪ್ರಾಪ್ (ಆಸರೆ ಕಂಬ) 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14. ಬೀಮಿಗೆ 6 ಮೀಟರ್‌ವರೆಗೆ 14, ಮೇಲಾದರೆ 21. ಇದು ಓಪಿಸಿ (ಬೆರಕೆಯಿಲ್ಲದ ಸಾಮಾನ್ಯ ಸಿಮೆಂಟ್) ಲೆಕ್ಕ, ಪಿಪಿಸಿಗೆ ಇನ್ನಷ್ಟು ತಡೆಯಬೇಕು. ಹೊಸ ಡೆಕ್ ಮೇಲೆ ಉಸುಕಿನ ರಾಶಿ ಹಾಕಲು ಬಿಡಬೇಡಿ. ಒಂದು ಮೀಟರ್ ಎತ್ತರದ ರಾಶಿ ಚದರ ಮೀಟರಿಗೆ ಒಂದೂವರೆ ಟನ್ ಮೀರುತ್ತದೆ. ಡೆಕ್ ವಿನ್ಯಾಸವಾದದ್ದು ಕಾಲು ಟನ್ನಿಗೆ.

ಕೋಟಿಂಗ್ ಮಾಡುವ ಮೊದಲು ಟ್ಯಾಂಕರ್ ತರಿಸಿ ಡೆಕ್ ಪೂರ್ತಿ ತೋಯಿಸಿ. ಅರ್ಧ ಗಂಟೆ ಬಿಟ್ಟು ನೀರು ನಿಂತ ಜಾಗಕ್ಕೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿ, ಅದೇ ಹೊತ್ತಿಗೆ ಇನ್ನೊಬ್ಬರು ಕೆಳಗೆ ಟಾರ್ಚ್ ಹಿಡಿದು ಜಾಯಿಂಟ್, ಡ್ರೇನ್ ಪೈಪಿನ ಸುತ್ತ ನೋಡಲಿ. ಗುಂಡಿ ಬಿದ್ದಲ್ಲಿ ಮೇಲ್ಮೈ ಒರಟು ಮಾಡಿ ಪಾಲಿಮರ್ ಗಾರೆ ತುಂಬಿ. 0.2 ಮಿ.ಮೀ.ಗಿಂತ ಅಗಲದ ಬಿರುಕಿಗೆ ಎಪಾಕ್ಸಿ ಇಂಜೆಕ್ಷನ್ ಮಾಡಿ. ಮತ್ತೊಮ್ಮೆ ತೋಯಿಸಿ ನೋಡಿ, ಪೂರ್ತಿ ಒಣಗಿದ ಮೇಲೆ ಕೋಟಿಂಗ್‌ನವರನ್ನು ಕರೆಯಿರಿ.