60 ರಟ್ಟಿನ ಕುದುರೆ

ಮೈಸೂರಿನ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪ್ರತಿ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನಲ್ಲಿರುವ ಹೈಫಾ ಊರಿನ ಯುದ್ಧದ ಬಗ್ಗೆ ಹತ್ತು ನಿಮಿಷ ಮಾತಾಡಿ ಮುಗಿಸುತ್ತಿದ್ದೆ. ಮೊದಲ ಮಹಾಯುದ್ಧದ ಕಾಲ, 1918ರಲ್ಲಿ ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರು, ಆ ಊರನ್ನು ತುರ್ಕರು, ಜರ್ಮನ್ನರ ಕೈಯಿಂದ ಗೆದ್ದುಕೊಂಡರು. ಎದುರಿಗೆ ಮೆಷಿನ್‌ಗನ್ನು, ಫಿರಂಗಿ. ಇವರ ಹತ್ತಿರ ಇದ್ದದ್ದು ಭರ್ಜಿ, ಕತ್ತಿ, ಕುದುರೆ.

ಒಮ್ಮೆ ಬೋರ್ಡಿನ ಮೇಲೆ ಲೆಕ್ಕ ಬರೆದೆ. ಸತ್ತ ಸೈನಿಕರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಹಿಂದಿನ ಬೆಂಚಿನ ಹುಡುಗ, "ಮಿಸ್, ಹಂಗಾದ್ರೆ ಜಾಸ್ತಿ ಏಟು ತಿಂದಿದ್ದು ಕುದುರೆ ಅಲ್ವಾ?" ಅಂದ. ಎಷ್ಟೋ ವರ್ಷದಿಂದ ಅದೇ ಅಂಕಿ ಬರೆಯುತ್ತಿದ್ದೆ. ನನಗದು ಹೊಳೆದೇ ಇರಲಿಲ್ಲ.

ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್‌ಗಳ ಮೂರು ಪ್ರತಿಮೆಗಳಿವೆ. ಮೂವರೂ ನೆಲದ ಮೇಲೆ ನಿಂತಿದ್ದಾರೆ. ಕುದುರೆ ಒಂದೂ ಇಲ್ಲ. ಸರಿ, ನಾವೇ ಮಾಡೋಣ ಅಂತಾಯಿತು.

ಮೊದಲ ವರ್ಷ ಎಡವಟ್ಟು. ಹಾರ ಹಾಕಲು ಅವಸರದಲ್ಲಿ ಒಂದು ಕುದುರೆ ಚಿತ್ರ ಪ್ರಿಂಟ್ ಹಾಕಿಸಿದೆ. ನೋಡಿದರೆ ಅದು ರಾಣಾ ಪ್ರತಾಪನ ಚೇತಕ್! ಮಕ್ಕಳು ಇನ್ನೂ ಆಡಿಕೊಳ್ಳುತ್ತಾರೆ. ಮರುವರ್ಷ ಹಾರ, ಭಾಷಣ ಎರಡೂ ಬಿಟ್ಟೆವು. ಅಂಗಡಿಯಿಂದ ಹಳೇ ರಟ್ಟಿನ ಪೆಟ್ಟಿಗೆ ತಂದು ಕುದುರೆ ಕತ್ತರಿಸಲು ಕೂತೆವು. ಲೆಕ್ಕ ಹಾಕಿ 60. ಮೂವತ್ತಕ್ಕೇ ಬೆರಳು ನೋಯತೊಡಗಿತು. "ಇನ್ನೂ ಅರ್ಧ ಇದೆಯಾ ಮಿಸ್?" ಅಂತ ಒಬ್ಬಳು ಗೊಣಗಿದಳು. ನನಗೆ ಬೇಕಾಗಿದ್ದೂ ಅದೇ. ಬೋರ್ಡಿನ ಮೇಲಿನ 60 ಬೆರಳಿಗೆ ತಾಗಬೇಕಿತ್ತು.

ಟಾಂಗಾ ಓಡಿಸುವ ತಾತ ಒಬ್ಬರನ್ನೂ ಕರೆದಿದ್ದೆ. ಕುದುರೆಯ ಕಾಲೆತ್ತಿ ಲಾಳ ತೋರಿಸಿದರು. ಗೊರಸಿಗೆ ಸಣ್ಣ ಕಲ್ಲು ಸಿಕ್ಕಿದರೂ ಕುಂಟುತ್ತದಂತೆ. ಹೈಫಾದ ಕಾರ್ಮೆಲ್ ಬೆಟ್ಟವೋ ಬರೀ ಕಲ್ಲು. ಮೈಸೂರಿನ ಒಂದು ತುಕಡಿ ಮೇಲಿದ್ದ ಫಿರಂಗಿ ಹಿಡಿಯಲು ಹತ್ತಿದ್ದು ಅದನ್ನೇ.

ಸದ್ದಿನ ಮಾತೂ ಬಂತು. ದಸರಾಕ್ಕೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಕೊಡುವುದು ನಮ್ಮ ಮಕ್ಕಳಿಗೆ ಗೊತ್ತು. ತಾತ ಅಂದರು: "ನಮ್ದು ಪಟಾಕಿಗೇ ಗಾಡಿ ಎಳ್ಕೊಂಡ್ ಓಡುತ್ತೆ ಮೇಡಂ. ಅವು ಗುಂಡಿಗೆ ಎದುರಾಗೇ ಓಡಿದ್ವಾ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಈ ಸಲ ಗಾಯಗೊಂಡ 83 ಕುದುರೆಗಳನ್ನೂ ಮಾಡೋಣ ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಅಷ್ಟೊಂದು ರಟ್ಟು ಎಲ್ಲಿಂದ ತರಲಿ?