ಮೂರು ದಿನದ ಪೆಟ್ಟು, ಮೂರು ವರ್ಷದ ಕಲೆ: ಗಾಯದ ಮೇಕಪ್ ನಾನು ಮಾಡುವ ಬಗೆ

ಬಣ್ಣದ ಪೆಟ್ಟಿಗೆ ತೆಗೆಯುವ ಮುಂಚೆ ನಿರ್ದೇಶಕರನ್ನು ಮೂರು ಪ್ರಶ್ನೆ ಕೇಳುತ್ತೇನೆ. ಏಟು ಯಾವುದರಿಂದ ಬಿತ್ತು? ಬಿದ್ದು ಎಷ್ಟು ದಿನವಾಯಿತು? ಯಾವ ಕಡೆಯಿಂದ ಬಿತ್ತು? ಇಷ್ಟು ಗೊತ್ತಿಲ್ಲದೆ ಮುಖಕ್ಕೆ ಕೆಂಪು, ನೀಲಿ ಬಳಿದರೆ ಅದು ಗಾಯವಾಗುವುದಿಲ್ಲ, ಬಣ್ಣವಾಗಿಯೇ ಕಾಣುತ್ತದೆ. ಅಭ್ಯಾಸಕ್ಕೆ ಒಂದು ಪಾತ್ರ ಇಟ್ಟುಕೊಳ್ಳಿ: ಮೂರು ದಿನದ ಹಿಂದೆ ಲಾಠಿ ಏಟು ತಿಂದವನು, ಕೆನ್ನೆಯ ಮೇಲೆ ಮೂರು ವರ್ಷದ ಹಳೆಯ ಮಚ್ಚಿನ ಕಲೆ ಇರುವವನು. ಹೊಸ ಗಾಯ, ಹಳೆಯ ಗಾಯ ಒಂದೇ ಮುಖದಲ್ಲಿ ಬರುವುದರಿಂದ ಎರಡರ ವ್ಯತ್ಯಾಸ ಕೈಗೆ ಬೇಗ ಹತ್ತುತ್ತದೆ.

ಚರ್ಮದಡಿ ಹೆಪ್ಪುಗಟ್ಟಿದ ರಕ್ತ ದಿನ ಕಳೆದಂತೆ ಬಣ್ಣ ಬದಲಿಸುತ್ತದೆ. ಮೊದಲು ಕೆಂಪು, ಒಂದೆರಡು ದಿನದಲ್ಲಿ ನೇರಳೆ, ಕಡುನೀಲಿ. ಆಮೇಲೆ ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಆದಾಗ ಹಸಿರು ಛಾಯೆ, ಅದು ಬಿಲಿರುಬಿನ್ ಆದಾಗ ಹಳದಿ, ಕೊನೆಗೆ ಕಂದು. ಎಷ್ಟನೇ ದಿನ ಯಾವ ಬಣ್ಣ ಎನ್ನುವುದು ಆಳಿನಿಂದ ಆಳಿಗೆ ಬೇರೆಯಾಗುತ್ತದೆ, ಆದರೆ ಈಗತಾನೇ ಬಿದ್ದ ಏಟಿನಲ್ಲಿ ಹಳದಿ ಇರುವುದಿಲ್ಲ. ಹೊಸಬರು ಮಾಡುವ ದೊಡ್ಡ ತಪ್ಪು ಇದೇ. ಪೆಟ್ಟಿನ ಬಣ್ಣಗಳ ದುಂಡು ಡಬ್ಬಿಯಾದ ಬ್ರೂಸ್ ವೀಲ್‌ನಲ್ಲಿ ಐದು ಬಣ್ಣ ಇದೆಯೆಂದು ಐದನ್ನೂ ಒಂದೇ ಏಟಿಗೆ ಹಚ್ಚುತ್ತಾರೆ. ನಮ್ಮ ಮೂರು ದಿನದ ಪೆಟ್ಟಿಗೆ ಮೆರೂನ್, ನೇರಳೆ, ಕಡುನೀಲಿ ಸಾಕು, ಅಂಚಿನಲ್ಲಿ ಮಾತ್ರ ಹಸಿರಿನ ಸುಳಿವು.

ಇನ್ನೊಂದು ಮಾತು. ಈ ವೀಲ್‌ಗಳ ಬಣ್ಣ ಬಹುಪಾಲು ಬಿಳಿ ಚರ್ಮಕ್ಕೆ ಹೊಂದುವಂಥದ್ದು. ನಮ್ಮ ಗೋದಿ ಬಣ್ಣದ, ಕಪ್ಪು ಬಣ್ಣದ ಮೈಮೇಲೆ ತಿಳಿಗೆಂಪು ಕಾಣುವುದೇ ಇಲ್ಲ, ಹಳದಿಯನ್ನು ಹಾಗೇ ಇಟ್ಟರೆ ಅರಿಸಿನ ಮೆತ್ತಿದಂತಿರುತ್ತದೆ. ಹಳದಿ ಬೇಕೇ ಬೇಕಾದಾಗ ಅದಕ್ಕೆ ಚೂರು ಕಂದು ಬೆರೆಸಿ ಸಾಸಿವೆ ಬಣ್ಣಕ್ಕೆ ತರುತ್ತೇನೆ. ಕೆಂಪಿನ ಜಾಗಕ್ಕೆ ಮೆರೂನ್, ನೀಲಿಯ ಜಾಗಕ್ಕೆ ನೇರಳೆ ಬೆರೆತ ಕಪ್ಪು.

ಕಣ್ಣಿನ ಪೆಟ್ಟು ಕಣ್ಣಿನ ಸುತ್ತ ಉಂಗುರದಂತೆ ಇರುವುದಿಲ್ಲ. ಮೂಗಿನ ಪಕ್ಕದ ಒಳಮೂಲೆ, ಕೆಳರೆಪ್ಪೆಯ ಕೆಳಗಿನ ಮಡಿಕೆ, ಇವೆರಡೇ ಹೆಚ್ಚು ಕಪ್ಪು. ರಕ್ತ ಕೆಳಕ್ಕೆ ಇಳಿಯುವುದರಿಂದ ಏಟು ಹುಬ್ಬಿನ ಮೇಲೆ ಬಿದ್ದಿದ್ದರೂ ಬಣ್ಣ ಕಣ್ಣಿನಡಿ ಕೂರುತ್ತದೆ. ಫೌಂಡೇಶನ್ ಹಚ್ಚದೆ ಬರಿಯ ಚರ್ಮದ ಮೇಲೇ ಶುರು ಮಾಡುತ್ತೇನೆ. ಕತ್ತರಿಸದೆ ಕೈಯಲ್ಲಿ ಹರಿದ ಸ್ಪಂಜಿನ ತುಂಡಿಗೆ ಮೆರೂನ್ ತೆಗೆದುಕೊಂಡು, ಮುಂಗೈ ಮೇಲೆ ಎರಡು ಸಲ ಒತ್ತಿ ಹೆಚ್ಚಿನ ಬಣ್ಣ ಇಳಿಸಿ, ಆಮೇಲೆ ಕಣ್ಣಿನಡಿ ಒತ್ತಿ ಒತ್ತಿ ಬಿಡುತ್ತೇನೆ. ಉಜ್ಜುವುದಿಲ್ಲ. ಒತ್ತಿದ ಬಣ್ಣದ ನಡುವೆ ಚರ್ಮದ ಚುಕ್ಕೆಗಳು ಇಣುಕುತ್ತಿರಬೇಕು, ಆಗಲೇ ಅದು ಒಳಗಿನಿಂದ ಬಂದ ಬಣ್ಣ ಅನ್ನಿಸುವುದು. ಒಳಮೂಲೆಗೆ ಸಣ್ಣ ಬ್ರಷ್‌ನಿಂದ ನೇರಳೆಗಪ್ಪು. ಅಂಚನ್ನು ಶುಭ್ರ ಬೆರಳಿನಿಂದ ತಟ್ಟಿ ಕರಗಿಸಬೇಕು, ಅದೂ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಮೇಲೆ ಬಣ್ಣವಿಲ್ಲದ ಪೌಡರನ್ನು ಪಫ್‌ನಿಂದ ಒತ್ತಿ. ಊತ ತೋರಿಸಬೇಕಿದ್ದರೆ ಉಬ್ಬಿನ ಮೇಲೆ ತಿಳಿ ಬಣ್ಣ, ಅದರ ಕೆಳಗೆ ನೆರಳು, ಪೌಡರ್ ಆದ ಮೇಲೆ ಉಬ್ಬಿನ ತುದಿಗೆ ಒಂದು ಚೂರು ಗ್ಲಿಸರಿನ್. ಊದಿಕೊಂಡ ಚರ್ಮ ಬಿಗಿದು ಹೊಳೆಯುತ್ತದೆ, ಆ ಹೊಳಪಿಲ್ಲದಿದ್ದರೆ ಊತ ನಂಬಿಕೆಗೆ ಬರುವುದಿಲ್ಲ.

ಬಾಸುಂಡೆಯನ್ನು ಹೆಚ್ಚಿನವರು ಒಂದೇ ದಪ್ಪ ಗೆರೆಯಾಗಿ ಎಳೆದುಬಿಡುತ್ತಾರೆ. ದುಂಡಗಿನ ಕೋಲು ಜೋರಾಗಿ ಬಿದ್ದಾಗ ಅದರ ಕೆಳಗಿನ ರಕ್ತ ಎರಡೂ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ, ಸಣ್ಣ ರಕ್ತನಾಳಗಳು ಹರಿಯುವುದು ಅಂಚುಗಳಲ್ಲಿ. ಆದ್ದರಿಂದ ಉಳಿಯುವುದು ರೈಲು ಹಳಿಯಂಥ ಎರಡು ಸಮಾನಾಂತರ ಗೆರೆ, ನಡುವೆ ಮಾಮೂಲಿ ಚರ್ಮ. ತೋಳಿನ ಮೇಲೆ ಕೋಲಿನ ದಪ್ಪಕ್ಕೆ ತಕ್ಕ ಅಂತರ ಬಿಟ್ಟು ಎರಡು ಗೆರೆ ಎಳೆದು, ಹೊರ ಅಂಚನ್ನು ಮಾತ್ರ ಹರಡುತ್ತೇನೆ, ಒಳ ಅಂಚು ಸ್ವಲ್ಪ ಚೂಪಾಗಿಯೇ ಇರಲಿ. ಲಾಠಿ ಬಾಗುವುದಿಲ್ಲ, ಹಾಗಾಗಿ ಗೆರೆ ತೋಳನ್ನು ಸುತ್ತಿಕೊಂಡು ಹೋಗಬಾರದು. ಕೋಲು ತಗಲುವಷ್ಟು ಜಾಗದಲ್ಲೇ ನಿಲ್ಲಬೇಕು. ಸುತ್ತಿಕೊಳ್ಳುವುದು ಬೆಲ್ಟಿನ ಏಟು.

ಇನ್ನು ಹಳೆಯ ಕಲೆ. ಇದಕ್ಕೆ ನಾನು ಬಳಸುವುದು ರಿಜಿಡ್ ಕೊಲೋಡಿಯನ್. ನೈಟ್ರೋಸೆಲ್ಯುಲೋಸನ್ನು ಈಥರ್, ಆಲ್ಕೋಹಾಲ್‌ನಲ್ಲಿ ಕರಗಿಸಿದ ದ್ರವ. ಒಣಗುವಾಗ ಕುಗ್ಗಿ ಚರ್ಮವನ್ನು ಒಳಕ್ಕೆ ಎಳೆದು ತಗ್ಗು ಮಾಡುತ್ತದೆ. ಕೆನ್ನೆಯಂಥ ಮಾಂಸಲ ಜಾಗದಲ್ಲಿ ಚೆನ್ನಾಗಿ ಬರುತ್ತದೆ, ಹಣೆ, ಗಲ್ಲದ ಮೂಳೆಯ ಮೇಲೆ ಅಷ್ಟು ಎಳೆಯುವುದಿಲ್ಲ. ಕಣ್ಣಿನ ಹತ್ತಿರ ಬೇಡವೇ ಬೇಡ. ಹಿಂದಿನ ದಿನ ಮೊಣಕೈ ಒಳಮಡಿಕೆಯಲ್ಲಿ ಒಂದು ಚುಕ್ಕೆ ಹಚ್ಚಿ, 24 ಗಂಟೆ ನೋಡಿ, ಕೆಂಪಾಗದಿದ್ದರೆ ಮಾತ್ರ ಮುಖಕ್ಕೆ. ನಟ ಹಿಂದಿನ ರಾತ್ರಿಯೇ ಗಡ್ಡ ಹೆರೆದಿರಬೇಕು, ಆಗತಾನೇ ಹೆರೆದ ಕೆನ್ನೆಗೆ ಹಚ್ಚಿದರೆ ಉರಿ ತಡೆಯಲಾಗುವುದಿಲ್ಲ.

ಚರ್ಮದ ಎಣ್ಣೆ ಜಿಡ್ಡು ಪೂರ್ತಿ ಒರೆಸಿ, ಕಲೆಯ ಬಣ್ಣವನ್ನು ಮೊದಲೇ ಹಚ್ಚಬೇಕು. ನಮ್ಮ ಚರ್ಮದಲ್ಲಿ ಹಳೆಯ ಕಲೆ ಸಾಮಾನ್ಯವಾಗಿ ನಡುವೆ ತುಸು ತಿಳಿ, ಅಂಚಿನಲ್ಲಿ ಕಂದು. ಗ್ರೀಸ್ ಬಣ್ಣ ಅಡಿಯಲ್ಲಿದ್ದರೆ ಕೊಲೋಡಿಯನ್ ಹಿಡಿಯುವುದಿಲ್ಲ, ನೀರಿನ ಬಣ್ಣವೋ ಆಲ್ಕೋಹಾಲ್ ಬಣ್ಣವೋ ಆಗಬೇಕು. ನಟ ಮುಖ ಸಡಿಲ ಬಿಟ್ಟಿರುವಾಗ ಅದರ ಮೇಲೆ ತೆಳುವಾದ ಒಂದು ಗೆರೆ. ನಾಲ್ಕೈದು ನಿಮಿಷ ಒಣಗಲು ಬಿಟ್ಟು ಎರಡನೆಯದು, ಬೇಕಿದ್ದರೆ ಮೂರನೆಯದು. ಒಂದೇ ಅಗಲಕ್ಕೆ ಎಳೆಯಬೇಡಿ. ಮಚ್ಚು ಮೊದಲು ತಗಲಿದ ಕಡೆ ಆಳ, ಎಳೆದುಹೋದ ಕಡೆ ತೆಳು. ಮೂರಕ್ಕಿಂತ ಹೆಚ್ಚು ಪದರ ಹಾಕಿದರೆ ಮಾತಾಡುವಾಗ ಅಂಚು ಬಿಟ್ಟುಕೊಂಡು ಸಿಪ್ಪೆಯಂತೆ ಎದ್ದು ನಿಲ್ಲುತ್ತದೆ. ಹೊಲಿಗೆಯ ಗುರುತು ಬೇಕಿದ್ದರೆ ಗೆರೆಯ ಎರಡೂ ಕಡೆ ಪುಟ್ಟ ಚುಕ್ಕೆ ಜೋಡಿಸಿದರೆ ಮುಗಿಯಿತು. ಕೊನೆಗೆ ಹೊಳಪು ಹೋಗುವಷ್ಟು ಪೌಡರ್.

ಈ ಬಾಟಲಿಗೆ ಬೆಂಕಿ ಬಲು ಬೇಗ ಹತ್ತುತ್ತದೆ. ನಮ್ಮಲ್ಲಿ ಗ್ರೀನ್‌ರೂಮಿನಲ್ಲೇ ದೀಪ ಹಚ್ಚಿ, ಊದುಬತ್ತಿ ಇಟ್ಟು ಪೂಜೆ ಮಾಡುವ ರೂಢಿ. ಪೂಜೆ ಮುಗಿದು ದೀಪ ಬೇರೆ ಕಡೆ ಹೋಗುವ ತನಕ ನಾನು ಮುಚ್ಚಳ ತೆಗೆಯುವುದಿಲ್ಲ. ಕಿಟಕಿ ತೆರೆದಿರಬೇಕು.

ದಿನವೂ ಅದೇ ಜಾಗಕ್ಕೆ ಕೊಲೋಡಿಯನ್ ಹಚ್ಚಿದರೆ ನಿಜವಾದ ಗುರುತೇ ಉಳಿದುಬಿಡಬಹುದು. ಸಾಲು ಪ್ರದರ್ಶನಗಳಿದ್ದರೆ ಲಿಕ್ವಿಡ್ ಲ್ಯಾಟೆಕ್ಸ್ (ರಬ್ಬರಿನ ಬಿಳಿ ದ್ರವ), ಟಿಶ್ಯೂ ಪೇಪರ್. ಟಿಶ್ಯೂವಿನ ಒಂದೇ ಪದರ ಬಿಡಿಸಿ, ಅಂಚು ಹರಿದು, ಲ್ಯಾಟೆಕ್ಸ್ ಮೇಲೆ ಕೂರಿಸಿ, ಅದರ ಮೇಲೆ ಮತ್ತೊಂದು ಕೈ ಲ್ಯಾಟೆಕ್ಸ್. ಕತ್ತರಿಯ ಅಂಚು ಎಷ್ಟು ಬಣ್ಣ ಹಚ್ಚಿದರೂ ಕಾಣುತ್ತದೆ. ಬಿಳಿ ಪೂರ್ತಿ ಹೋಗಿ ಪಾರದರ್ಶಕ ಆಗುವವರೆಗೆ ಡ್ರೈಯರಿನ ತಣ್ಣನೆ ಗಾಳಿ ಕೊಡಿ. ಹುಬ್ಬು, ಮೀಸೆ ಹತ್ತಿರವಿದ್ದರೆ ಮೊದಲೇ ವ್ಯಾಸಲಿನ್ ಸವರಿ, ಇಲ್ಲದಿದ್ದರೆ ಕೀಳುವಾಗ ಕೂದಲೂ ಬರುತ್ತದೆ. ಲ್ಯಾಟೆಕ್ಸ್ ಅಲರ್ಜಿ ಇರುವವರಿಗೆ ಇದೂ ಬೇಡ. ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ಪ್ಲಾಟಿನಮ್ ಸಿಲಿಕೋನಿನಿಂದ ಕಲೆಯ ತುಂಡು ಮಾಡಿ ಅಂಟಿಸಬಹುದು, ಆದರೆ ಅದನ್ನು ಕಲಸುವಾಗ ನೈಟ್ರೈಲ್ ಗ್ಲೌಸ್ ಹಾಕಿ. ಲ್ಯಾಟೆಕ್ಸ್ ಗ್ಲೌಸ್ ಸೋಕಿದರೆ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ.

ಮೂರು ದಿನದ ಗಾಯಕ್ಕೆ ಹಸಿ ರಕ್ತ ಬೇಡ, ಹಕ್ಕಳೆ ಬೇಕು. ತರಚಿದ ಜಾಗಕ್ಕೆ ಚೂರು ಲ್ಯಾಟೆಕ್ಸ್ ಹಚ್ಚಿ, ಹಸಿಯಿರುವಾಗಲೇ ಇನ್‌ಸ್ಟಂಟ್ ಕಾಫಿ ಪುಡಿಯನ್ನು ಅಲ್ಲಲ್ಲಿ ಉದುರಿಸಿ, ಒಣಗಿದ ಮೇಲೆ ಮೆರೂನ್ ತಾಗಿಸಿದರೆ ಸಾಕು. ತುಟಿಗೆ ಮಾತ್ರ ಲ್ಯಾಟೆಕ್ಸ್ ತಾಗಿಸಬೇಡಿ. ಗಟ್ಟಿ ಸಕ್ಕರೆ ಪಾಕಕ್ಕೆ ಕೋಕೋ ಪುಡಿ, ತಿನ್ನುವ ಕೆಂಪು ಬಣ್ಣ ಬೆರೆಸಿ ಅದನ್ನು ಹಚ್ಚಿ.

ಎಲ್ಲ ಮುಗಿದ ಮೇಲೆ ರಂಗದ ಬೆಳಕಿನಲ್ಲೇ ನಟನನ್ನು ನಿಲ್ಲಿಸಿ, ಹತ್ತನೇ ಸಾಲಿಗೆ ಹೋಗಿ ನೋಡಬೇಕು. ಕೆಂಪು ಬೆಳಕಿನಲ್ಲಿ ಕೆಂಪು ಬಣ್ಣ ಮಾಯವಾಗುತ್ತದೆ, ಆಂಬರ್‌ನಲ್ಲಿ ಹಳದಿ ಅಳಿಸಿಹೋಗುತ್ತದೆ, ಹಸಿರು ಬೆಳಕಿನಲ್ಲಿ ಮೆರೂನ್ ಕಪ್ಪಾಗುತ್ತದೆ. ಕ್ಯಾಮೆರಾಕ್ಕಾದರೆ ಒಂದು ಪಾರದರ್ಶಕ ಶೀಟನ್ನು ಮುಖಕ್ಕೆ ಒತ್ತಿ ಹಿಡಿದು, ಕಣ್ಣಿನ ತುದಿ, ಬಾಯಿಯ ತುದಿ, ಒಂದು ಮಚ್ಚೆ ಗುರುತಿಸಿ, ಕಲೆಯನ್ನು ಅದರ ಮೇಲೆ ಬರೆದುಕೊಳ್ಳಿ. ಮರುದಿನದ ಚಿತ್ರೀಕರಣದಲ್ಲಿ ಕಲೆ ಅರ್ಧ ಇಂಚು ಜರುಗದಂತೆ ಕಾಯುವುದು ಈ ಶೀಟೇ. ಕರಾವಳಿಯ ಸೆಕೆಯಲ್ಲಿ ಕ್ರೀಮ್ ಬಣ್ಣ ಬೆವರಿಗೆ ಜಾರುತ್ತದೆ. ಅಲ್ಲಿಗೆ ಆಲ್ಕೋಹಾಲ್ ಪ್ಯಾಲೆಟ್, ಅದರ ಬಣ್ಣ ಕರಗಿಸಲು 99% ಐಸೊಪ್ರೊಪೈಲ್ ಆಲ್ಕೋಹಾಲ್. ಔಷಧಿ ಅಂಗಡಿಯ 70% ದ್ರವದಲ್ಲಿ ನೀರು ಹೆಚ್ಚು, ಬಣ್ಣ ಸರಿಯಾಗಿ ಕರಗುವುದಿಲ್ಲ.

ತೆಗೆಯುವಾಗ ಕ್ರೀಮ್ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಸಾಕು. ಕೊಲೋಡಿಯನ್‌ಗೆ ಅದರದೇ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಅಂಚಿನಿಂದ ನಿಧಾನವಾಗಿ ಬಿಡಿಸಿ. ಮುಖಕ್ಕೆ ಅಸಿಟೋನ್ ಹಾಕಬಾರದು. ಮರುದಿನ ಬೆಳಿಗ್ಗೆ ಆ ಜಾಗವನ್ನು ಹಗಲು ಬೆಳಕಿನಲ್ಲಿ ನೋಡುತ್ತೇನೆ. ಗೆರೆ ಇನ್ನೂ ಕೆಂಪಗಿದ್ದರೆ ಅವತ್ತು ಕೊಲೋಡಿಯನ್ ಮುಟ್ಟುವುದಿಲ್ಲ, ನೀರಿನ ಬಣ್ಣದಲ್ಲೇ ಕಲೆ ಬರೆದು ನಟನನ್ನು ರಂಗಕ್ಕೆ ಕಳಿಸುತ್ತೇನೆ.